ಹೆಬ್ಬೆರಳಿನಷ್ಟು ಸೆನ್ಸರ್

"ಅದು ಕುಕ್ಕರ್ ಅಲ್ಲ ಕಣೇ, ಎಂಜಿನ್ನು!" ಕೆಂಚವೀರಪ್ಪನವರು ಜಗಲಿಯ ಕುರ್ಚಿಯಿಂದಲೇ ಹೆಂಡತಿಗೆ ಕೂಗಿ ಹೇಳಿದರು.

"ಗೊತ್ತೈತೆ ಬಿಡ್ರಿ. ಕುಕ್ಕರಾಗಿದ್ರೆ ಇಷ್ಟೊತ್ತಿಗೆ ಮೂರು ಸೀಟಿ ಹೊಡೆಸಿರ್ತಿದ್ದೆ," ಎಂದರು ನಿರ್ಮಲಮ್ಮ, ಎತ್ತಿದ ಬಾನೆಟ್ಟಿನೊಳಗಿಂದ.

ನಿಜಲಿಂಗಪ್ಪ ಬಡಾವಣೆಯ ಆ ಮನೆಯ ಮುಂದೆ ಹಳೇ ಬಿಳಿ ಕಾರು ಇಪ್ಪತ್ತು ದಿನದಿಂದ ಸತ್ಯಾಗ್ರಹ ಹೂಡಿತ್ತು. ಸೆನ್ಸರ್ ಹೋಗಿದೆ ಎಂದು ಹೇಳಿಹೋದ ಮೆಕ್ಯಾನಿಕ್ ಮತ್ತೆ ಮುಖ ತೋರಿಸಿರಲಿಲ್ಲ. ಕಾರು ಓಡಿಸುತ್ತಿದ್ದ ಬಕ್ಕೇಶ್ ಬೇರೆ ಕೆಲಸ ಹಿಡಿದಿದ್ದ. ಕೆಂಚವೀರಪ್ಪನವರು ಮೂವತ್ತು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರೂ ಸ್ಟೇರಿಂಗ್ ಮುಟ್ಟಿದವರಲ್ಲ. ನಿರ್ಮಲಮ್ಮ ಮಾತ್ರ ಐವತ್ತಾರನೇ ವಯಸ್ಸಿಗೆ ಡ್ರೈವಿಂಗ್ ಸ್ಕೂಲ್ ಸೇರಿ, ಹೋದ ವಾರವಷ್ಟೇ ಲೈಸೆನ್ಸ್ ತಂದಿದ್ದರು. ಇವತ್ತು ಹರಿಹರದಲ್ಲಿರುವ ಅವರ ತಂಗಿ ಸುಧಾ ಹೋಳಿಗೆ ಊಟಕ್ಕೆ ಕರೆದಿದ್ದಳು. ತಾನೇ ಕಾರು ಓಡಿಸಿಕೊಂಡು ಹೋಗುತ್ತೇನೆ ಎಂದು ನಿರ್ಮಲಮ್ಮನ ಹಟ. ಗಂಡನದು ಒಂದು ಕರಾರು: ಹನ್ನೆರಡರೊಳಗೆ ಸ್ಟಾರ್ಟ್ ಆದರೆ ಸರಿ, ಇಲ್ಲದಿದ್ದರೆ ಬಸ್ಸು. ಆಮೇಲೆ ಜನ್ಮದಲ್ಲಿ ಸ್ಟೇರಿಂಗಿನ ಮಾತು ಎತ್ತಕೂಡದು.

ನಿರ್ಮಲಮ್ಮ ಮೊಬೈಲಿನ ವಿಡಿಯೊವನ್ನು ನಾಲ್ಕನೇ ಸಲ ನೋಡಿ, ಬ್ಯಾಟರಿಯ ವಯರು ಬಿಚ್ಚಿದರು. ಹತ್ತನೇ ನಂಬರ್ ಸ್ಪ್ಯಾನರಿನಿಂದ ಬೋಲ್ಟ್ ತಿರುಗಿಸಿದರು. ಹೆಬ್ಬೆರಳಿನಷ್ಟಿದ್ದ ಹಳೇ ಸೆನ್ಸರ್ ಜಪ್ಪಯ್ಯ ಅಂದರೂ ಕದಲಲಿಲ್ಲ. ಅತ್ತ ಇತ್ತ ತಿರುಚಿ ಎಳೆದಾಗ ಪಟ್ಟನೆ ಬಂತು, ಆದರೆ ಬೋಲ್ಟ್ ಕೈಜಾರಿ ಟಣ್ ಟಣ್ ಎನ್ನುತ್ತ ಎಂಜಿನ್ನಿನ ಸಂದಿಯಲ್ಲಿ ಮಾಯವಾಯಿತು.

"ಹೋಲ್ಡಾನ್!" ಕೆಂಚವೀರಪ್ಪನವರು ಎದ್ದೇಬಿಟ್ಟರು. ಪಂಚೆ ಎತ್ತಿಕಟ್ಟಿ ಕಾರಿನಡಿ ತೂರಿದರು. ಬಸ್ಸಿನ ಸೀಟಿನಡಿ ಬಿದ್ದ ಚಿಲ್ಲರೆ ಹುಡುಕಿ ಪಳಗಿದ ಕೈ ಅದು.

"ಸಿಕ್ತು!" ಎಂದು ಕೆಳಗಿನಿಂದ ದನಿ ಬಂತು. ಬೋಲ್ಟ್ ಹಿಡಿದು ಹೊರಗೆ ತೆವಳುತ್ತ, "ಅಲ್ಲಾ, ನಾ ಯಾಕೆ ಹುಡುಕಿದೆ ಇದನ್ನ?"

"ಹೋಳಿಗೆ ನೆನಪಾಗಿರ್ಬೇಕು. ಕೊಡ್ರಿ ಇತ್ಲಾಗೆ."

ನಿರ್ಮಲಮ್ಮ ಅಂಗಡಿಯಿಂದ ತಂದಿಟ್ಟಿದ್ದ ಹೊಸ ಸೆನ್ಸರಿನ ರಬ್ಬರ್ ಉಂಗುರಕ್ಕೆ ಒಂದು ಹನಿ ಎಂಜಿನ್ ಆಯಿಲ್ ಸವರಿ, ತೂತಿಗೆ ಒತ್ತಿ ಕೂರಿಸಿ, ಬೋಲ್ಟ್ ಬಿಗಿದರು. ಹನ್ನೆರಡಕ್ಕೆ ಐದು ನಿಮಿಷ ಇತ್ತು. ಒಳಗೆ ಕೂತು ಕೀಲಿ ತಿರುಗಿಸಿದರೆ ಕಾರು ಕಮಕ್ ಕಿಮಕ್ ಎನ್ನಲಿಲ್ಲ.

"ಆತಲ್ಲ? ನಡಿ ಬಸ್ ಸ್ಟ್ಯಾಂಡಿಗೆ," ಎಂದು ಕೆಂಚವೀರಪ್ಪನವರು ಚಪ್ಪಲಿ ಮೆಟ್ಟಿದರು.

ನಿರ್ಮಲಮ್ಮ ಸ್ಟೇರಿಂಗಿನಿಂದ ಕೈ ತೆಗೆದರು. ಇನ್ನು ಜೀವಮಾನವೆಲ್ಲ ಪಕ್ಕದ ಸೀಟೇ ಗತಿ ಎಂದು ದುಃಖವಾಯಿತು. ಬಾನೆಟ್ ಮುಚ್ಚಲು ಇಳಿದು ಬಂದವರು ಒಳಗೆ ನೋಡಿ, ನಗಲು ಶುರುಮಾಡಿದರು. ಹೊಟ್ಟೆ ಹಿಡಿದುಕೊಂಡು, ಕಾರಿಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ರೀ, ಬ್ಯಾಟರಿ ವಯರೇ ಹಾಕಿಲ್ರಿ!"

ವಯರು ಸಿಕ್ಕಿಸಿ ಕೀಲಿ ತಿರುಗಿಸಿದರು. ಕಾರು ಒಮ್ಮೆ ಕೆಮ್ಮಿತು, ಎರಡನೇ ಸಲಕ್ಕೆ, ಹನ್ನೆರಡಕ್ಕೆ ಇನ್ನೂ ಒಂದು ನಿಮಿಷ ಇರುವಾಗಲೇ, ಗುರ್ರೆಂದು ಎದ್ದಿತು. ಪಂಥ ಸೋತಿದ್ದ ಕೆಂಚವೀರಪ್ಪನವರು ಕಾರಿನ ಬಾಗಿಲಿಗೆ ಎರಡೇಟು ಬಡಿದು "ರೈಟ್! ರೈಟ್!" ಎಂದು ಕೂಗಿಯೇ ಬಿಟ್ಟರು. ತಾನು ಯಾರ ಕಡೆ ಎಂಬುದು ಅವರಿಗೇ ಮರೆತುಹೋಗಿತ್ತು.

ಹರಿಹರದ ದಾರಿಯುದ್ದಕ್ಕೂ ಅವರು ಕಿಟಕಿಯಿಂದ ಕೈ ಹೊರಹಾಕಿ ಹಿಂದಿನ ಲಾರಿಗಳಿಗೆಲ್ಲ ಮುಂದೆ ಹೋಗಲು ಅಪ್ಪಣೆ ಕೊಟ್ಟರು. ನಿರ್ಮಲಮ್ಮ ಮೂರನೇ ಗೇರಿಗೆ ಹಾಕಿ ನಕ್ಕರು, ನಾಲ್ಕನೇ ಗೇರಿಗೆ ಇಬ್ಬರೂ ನಕ್ಕರು. ಯಾಕೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಸುಧಾ ಒಲೆಯ ಮುಂದಿದ್ದಳು. ಕಾರಿನ ಸದ್ದು ಕೇಳಿದ್ದಳಷ್ಟೇ, ಓಡಿಸಿದ್ದು ಯಾರೆಂದು ನೋಡಿರಲಿಲ್ಲ. ನಿರ್ಮಲಮ್ಮ ಒಳಗೆ ಬಂದು ಬಾಯಿ ತೆರೆಯುವಷ್ಟರಲ್ಲಿ ಅವರ ಕೈಗೆ ತುಪ್ಪದ ಗಿಂಡಿ ಬಂತು.

"ಸುದ್ದಿ ಆಮ್ಯಾಲೆ ಅಕ್ಕಾ, ಮೊದ್ಲು ಭಾವಾರ ಊಟ ಆಗ್ಲಿ."

ಸುಧಾ ಪಡಸಾಲೆಗೆ ಬಂದು ಭಾವನ ಮುಂದೆ ಎಲೆ ಹಾಕಿದಳು. ಬಿಸಿ ಹೋಳಿಗೆ ಬಡಿಸಲು ಬಗ್ಗಿದರೆ, ಕೆಂಚವೀರಪ್ಪನವರು ಎಲೆಗೆ ಕೈ ಅಡ್ಡ ಹಿಡಿದರು.

"ಮೊದ್ಲು ಡ್ರೈವರಿಗೆ ಹಾಕು. ಡ್ರೈವರ್ ಉಣ್ಣಾಕೆ ಕೂರದೆ ಕಂಡಕ್ಟರ್ ಕೈ ತೊಳೆಯಲ್ಲ."

"ಹೊರಗೆ ಕುಂತಿರ್ತಾನಲ್ಲ, ಆಮ್ಯಾಲೆ ಕೊಟ್ರಾತು ಬಿಡ್ರಿ ಭಾವಾರ."

"ಹೊರಗಿಲ್ಲ ಸುಧಾ," ಎಂದು ಅವರು ಪಕ್ಕಕ್ಕೆ ಸರಿದು ಜಾಗ ಮಾಡಿದರು. "ಅಡಿಗಿ ಮನ್ಯಾಗೆ ತುಪ್ಪದ ಗಿಂಡಿ ಹಿಡ್ಕಂಡು ನಿಂತಾಳೆ, ಕರಿ."