ಗುಜರಿ ಜಾಲ

ಹಳೇ ಕಂಪ್ಯೂಟರ್ ಹುಚ್ಚಿನವರು ತಮ್ಮತಮ್ಮಲ್ಲೇ ಕಟ್ಟಿಕೊಂಡ ಜಾಲಕ್ಕೆ ಅಂದು ಹೊಸಬರೊಬ್ಬರು ಸೇರುವವರಿದ್ದರು. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಹಳೇ ಕಂಪ್ಯೂಟರ್‌ಗಳ ರಾಶಿಯ ನಡುವೆ, ಜಾಲ ನೋಡಿಕೊಳ್ಳುವ ಮಹಿಳೆ ರೌಟರ್ ಹೊಂದಿಸುತ್ತಿದ್ದಾಗ ನಿವಾಸಿಗಳ ಸಂಘದ ಅಧ್ಯಕ್ಷರು ದಡದಡನೆ ಇಳಿದು ಬಂದರು.

“ಈ ಗುಜರಿ ಇವತ್ತೇ ಖಾಲಿಯಾಗ್ಬೇಕು, ಮೇಡಂ. ಇದು ಎಲ್ಲರ ಜಾಗ.”

“ಆ ಎಲ್ಲರಲ್ಲಿ ನಾನೂ ಇದೀನಿ. ತೆಗೆಯಲ್ಲ.” ಆಕೆ ತಿರುಗಿಯೂ ನೋಡಲಿಲ್ಲ.

“ಇಂಥ ಡಬ್ಬಾಗಳಿಗೆ ಸೇರ್ಕೊಳೋ ಹುಚ್ಚರು ಯಾರ್ರೀ?”

“ನಮ್ಮಲ್ಲಿ ಹೆಸರು ಕೇಳೋ ಪದ್ಧತಿ ಇಲ್ಲ. ಯಂತ್ರ ಹಳೇದಾಗಿದ್ರೆ ಸಾಕು.”

“ನಾನೇ ಎತ್ತಿ ಬಿಸಾಕ್ತೀನಿ!”

“ಮುಟ್ಟಿ ನೋಡಿ!”

ಅಷ್ಟರಲ್ಲಿ ರೌಟರಿನ ಹಸಿರು ದೀಪ ಹತ್ತಿತು. ಹೊಸಬರ ಮೊದಲ ಸಂದೇಶ ಪರದೆಯ ಮೇಲೆ ಒಂದೊಂದೇ ಅಕ್ಷರವಾಗಿ ಮೂಡತೊಡಗಿತು. ಇಬ್ಬರೂ ಬಗ್ಗಿ ಓದಿದರು:

“ಮೇಡಂ, ನಿಮ್ಮ ಕಂಪ್ಯೂಟರ್‌ಗಳನ್ನ ಖಾಲಿ ಮಾಡ್ಸೋಕೆ ನಮ್ಮೆಜಮಾನ್ರು ಕೆಳಗೆ ಬರ್ತಿದಾರೆ. ಜಗ್ಗಬೇಡಿ.”