ಗಿಡವಿಲ್ಲದ ಮೂಲೆಗೆ ಒಂದು ಚೆಂಬು ನೀರು

ಫೋನ್ ಚಾರ್ಜಿಗೆ ಹಾಕಿಕೊಂಡೇ ಇದನ್ನು ಓದುತ್ತಿದ್ದರೆ, ಮೊದಲು ಪಿನ್ ತೆಗೆಯಿರಿ... ಆಮೇಲೆ ಓದಿ.

ಹಾಸನದಲ್ಲೊಂದು ಮನೆ. ಕಟ್ಟಿಸಿದವರು ಪರಮೇಶಣ್ಣ. ಈಗ ಅವರಿಲ್ಲ...

ಕೆಳಗಿನ ಮನೆಯಲ್ಲಿ ಅವರ ತಮ್ಮ ಶಶಿಭೂಷಣ, ಹೆಂಡತಿ ಪಂಕಜಾ, ಮಗಳು ಧನ್ಯ. ಮಹಡಿಯ ಕೋಣೆಯಲ್ಲಿ ಪರಮೇಶಣ್ಣನ ಹೆಂಡತಿ ವಿಶಾಲಾಕ್ಷಿ.

ಧನ್ಯಳಿಗೆ ಅಮ್ಮನಿಗಿಂತ ದೊಡ್ಡಮ್ಮನ ಕೈತುತ್ತೇ ರುಚಿ. ಪಂಕಜಾಗೆ ಅದೇ ಹೊಟ್ಟೆಯುರಿ... ಆ ಮನೆಯಲ್ಲಿ ಮೊದಲು ಹೊಗೆಯಾಡಿದ್ದು ವೈರಲ್ಲ, ಹೊಟ್ಟೆ.

ವಿಶಾಲಾಕ್ಷಿಗೆ ಒಂದು ವಿಚಿತ್ರ ಅಭ್ಯಾಸ. ಬೇಸಿಗೆ ಬಂತೆಂದರೆ ದಿನಾ ಸಂಜೆ ಕಾಂಪೌಂಡಿನ ಮೂಲೆಗೆ ಒಂದು ಚೆಂಬು ನೀರು ಸುರಿಯುವುದು.

ಅಲ್ಲಿ ಗಿಡವಿಲ್ಲ, ಬಳ್ಳಿಯಿಲ್ಲ... ಬರೀ ನೆಲ.

ಶಶಿಭೂಷಣ ಎಲೆಕ್ಟ್ರಿಕ್ ಕಾರು ಬುಕ್ ಮಾಡಿದರು. ಅವರದೇ ಟೈಲ್ಸ್ ಅಂಗಡಿ. ಕಾರು ನಿಲ್ಲುವ ಜಾಗಕ್ಕೆಲ್ಲ ಟೈಲ್ಸ್ ಹಾಕಿಸಲು ಆ ಮೂಲೆಯನ್ನೂ ಅಗೆಸಿದರು.

ಗುದ್ದಲಿಗೆ ಏನೋ ಠಣ್ ಎಂದಿತು...

ಕರೀ ಇದ್ದಿಲು. ಹೆಪ್ಪುಗಟ್ಟಿದ ಉಪ್ಪು. ನಡುವೆ ಹಸಿರುಗಟ್ಟಿದ ತಾಮ್ರದ ತಗಡು, ಅದಕ್ಕೊಂದು ತಂತಿ.

"ಅಯ್ಯೋ, ಮಾಟ ಕಣ್ರೀ!" ಪಂಕಜಾ ಕಿರುಚಿದಳು. "ನಮ್ಮನೇಲೇ ಯಂತ್ರ ಹೂತಿಟ್ಟವ್ರೆ! ದಿನಾ ಸಾಯಂಕಾಲ ಇಲ್ಲಿಗೆ ಚೆಂಬು ಹಿಡ್ಕೊಂಡು ಬರ್ತಿದ್ದೋರು ಯಾರು ಹೇಳಿ? ಗಿಡ ಇಲ್ದಿದ್ ಜಾಗಕ್ಕೆ ನೀರು ಯಾರ್ ಹಾಕ್ತಾರೆ?"

ಕಾರು ಚಾರ್ಜ್ ಆಗುವ ಮೊದಲೇ ಅತ್ತಿಗೆಯ ಮೇಲೆ ಚಾರ್ಜ್ ಬಿತ್ತು.

"ನಿಮ್ಮಣ್ಣ ಹೇಳಿದ್ರು ಶಶಿ..." ಎಂದರು ವಿಶಾಲಾಕ್ಷಿ. "ಬೇಸಿಗೇಲಿ ಆ ಮೂಲೆ ಒಣಗಬಾರ್ದು, ನೀರು ಹಾಕ್ತಾ ಇರು ಅಂತ. ಯಾಕೆ ಅಂತ ನಾನೂ ಕೇಳ್ಲಿಲ್ಲ. ಅವ್ರ ಮಾತು ಅಂತ ಹಾಕ್ತಿದ್ದೆ."

"ಸತ್ತೋರ ಹೆಸರು ಹೇಳಿ ತಪ್ಪಿಸ್ಕೋಬೇಡಿ ಅತ್ತಿಗೆ. ಭಾನುವಾರದೊಳಗೆ ನಿಮ್ಮ ತಂಗಿ ಮನೆಗೆ ಹೊರಡಿ."

ತಂತಿ ಎಲ್ಲಿಗೆ ಹೋಗುತ್ತದೆಂದು ಯಾರೂ ನೋಡಲಿಲ್ಲ. ಕತ್ತರಿಸಿದರು. ತಗಡನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ಹೇಮಾವತಿ ಹೊಳೆಗೆ ಬಿಟ್ಟರು. ಬೂದುಗುಂಬಳ ಒಡೆದರು.

ತಗಡಿನ ಫೋಟೋ ಮಾತ್ರ ಅತ್ತಿಗೆಯ ಹೆಸರಿನೊಡನೆ ಬೀದಿಯ ವಾಟ್ಸಾಪ್ ಗ್ರೂಪಿಗೆ ಹೋಯಿತು... ಯಾವ ವೈರೂ ಇಲ್ಲದೆ ಊರೆಲ್ಲ ಹರಿಯಿತು.

ಅದೇ ವಾರ ಟೈಲ್ಸ್ ಬಿತ್ತು, ಕಾರು ಬಂತು. ಗೋಡೆಗೆ ಚಾರ್ಜರ್ ಬಂತು. ಆದರೆ ಸ್ವಿಚ್ ಹಾಕಿದರೆ ಕೆಂಪು ದೀಪ... ಚಾರ್ಜ್ ಆಗಲೊಲ್ಲದು.

ಪಂಕಜಾ ಚಾರ್ಜರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದಳು. ಕೆಂಪು ದೀಪ ಕಣ್ಣು ಮಿಟುಕಿಸುತ್ತಲೇ ಇತ್ತು.

ವೈರಿಂಗ್ ಗಂಗಣ್ಣನನ್ನು ಕರೆಸಿದರು.

"ಅರ್ಥ್ ಸಿಗ್ತಿಲ್ಲ ಅಂತ ನಖರಾ ಮಾಡ್ತೈತೆ ಸಾರ್. ನ್ಯೂಟ್ರಲ್‌ಗೂ ಅರ್ಥ್‌ಗೂ ಒಂದು ತುಂಡು ವೈರ್ ಕೊಟ್ರೆ ಗಪ್‌ಚುಪ್."

"ಏನೂ ಆಗಲ್ವಾ?"

"ಎಷ್ಟೋ ಮನೆಗೆ ಹಾಕಿದೀನಿ ಸಾರ್. ಒಬ್ರೂ ಕಂಪ್ಲೇಂಟ್ ಹೇಳಿಲ್ಲ."

ಕಂಪ್ಲೇಂಟ್ ಹೇಳಲು ಯಾರಾದರೂ ಉಳಿದಿರಬೇಕಲ್ಲ...

ಹಸಿರು ದೀಪ ಹತ್ತಿತು. "ಮಾಟ ಹೋಗಿದ್ದೇ ಹೋಗಿದ್ದು, ನೋಡಿ ಹಸಿರು!" ಎಂದಳು ಪಂಕಜಾ.

ಶುಕ್ರವಾರ ಚಾರ್ಜಿಗೆ ಹಾಕಿದ್ದ ಕಾರಿಗೆ ಒದ್ದೆ ಕೈಯಲ್ಲೇ ಕುಂಕುಮ ಹಚ್ಚಿದಳು. ಮೈ ಜುಮ್ ಎಂದಿತು.

"ರೀ, ಅಮ್ಮನೋರು ಬಂದು ಕೂತವ್ರೆ ಕಾರಲ್ಲಿ!"

ಶಶಿಭೂಷಣ ಮುಟ್ಟಿ ನೋಡಿದರು. ಅವರಿಗೂ ಜುಮ್ ಎಂದಿತು. ಕಣ್ಣು ಮುಚ್ಚಿ ಕೈ ಮುಗಿದರು...

ಭಾನುವಾರ ಬೆಳಗ್ಗೆ ಗೇಟಿನ ಬಳಿ ಆಟೋ ನಿಂತಿತ್ತು. ವಿಶಾಲಾಕ್ಷಿ ಬ್ಯಾಗ್ ಹಿಡಿದು ಮೆಟ್ಟಿಲಿಳಿಯುತ್ತಿದ್ದರು.

ದೊಡ್ಡಮ್ಮನ ಹತ್ತಿರ ಸುಳಿಯಬೇಡ ಎಂದು ಧನ್ಯಳಿಗೆ ಅಪ್ಪಣೆಯಾಗಿತ್ತು. ಅತ್ತು ಕೆಂಪಾದ ಕಣ್ಣು ಯಾರಿಗೂ ಕಾಣದಿರಲೆಂದು ಅವಳು ಪೈಪ್ ಹಿಡಿದು ಕಾರು ತೊಳೆಯುತ್ತಿದ್ದಳು. ಬರಿಗಾಲು... ಕಾರು ಚಾರ್ಜಿನಲ್ಲಿತ್ತು.

ಮೊದಲು ಪೈಪ್ ಕೆಳಗೆ ಬಿತ್ತು.

ಧನ್ಯಳ ಕೈ ಬಾಗಿಲ ಹಿಡಿಗೆ ಅಂಟಿಕೊಂಡಿತ್ತು. ಬಾಯಿ ತೆರೆದಿತ್ತು, ದನಿಯಿರಲಿಲ್ಲ. ಕಣ್ಣು ಮಾತ್ರ ದೊಡ್ಡಮ್ಮನನ್ನೇ ನೋಡುತ್ತಿತ್ತು...

ಶಶಿಭೂಷಣ ಕೈ ಚಾಚಿ ಓಡಿದರು.

"ಮುಟ್ಬೇಡ ಶಶಿ!"

ವಿಶಾಲಾಕ್ಷಿ ಅಷ್ಟು ಜೋರಾಗಿ ಕೂಗಿದ್ದನ್ನು ಆ ಮನೆ ಎಂದೂ ಕೇಳಿರಲಿಲ್ಲ. ಬ್ಯಾಗ್ ಬಿಸಾಕಿ, ಮೆಟ್ಟಿಲ ಕೆಳಗಿನ ಬೋರ್ಡಿಗೆ ನುಗ್ಗಿ ಮೇನ್ ಸ್ವಿಚ್ ಎಳೆದರು. ಗಂಡ ಹೇಳಿಕೊಟ್ಟಿದ್ದ ಇನ್ನೊಂದು ಮಾತು ಅದು... ಶಾಕ್ ಹೊಡೆದವರನ್ನು ಮುಟ್ಟುವ ಮೊದಲು ಮೇನ್ ಎಳಿ.

ಧನ್ಯ ನೆಲಕ್ಕೆ ಕುಸಿದಳು. ಅಂಗೈ ಸುಟ್ಟಿತ್ತು. ಉಸಿರಿತ್ತು...

ಆಸ್ಪತ್ರೆಯಲ್ಲಿ ಅವಳು ಕಣ್ಣು ಬಿಟ್ಟ ಮೇಲೆ ದೊಡ್ಡವರೆಲ್ಲ ಒಮ್ಮೆ ಮನೆಗೆ ಬಂದರು. ಗಂಗಣ್ಣ ಬೋರ್ಡ್ ಬಿಚ್ಚಿದ.

"ಕರೆಂಟು ವಾಪಸ್ ಹೋಗೋ ನ್ಯೂಟ್ರಲ್ ಲೂಸಾಗಿ ಸುಟ್ಟೋಗೈತೆ ಸಾರ್. ನಾನ್ ಹಾಕಿದ್ ತುಂಡು ವೈರ್‌ನಿಂದ ಕರೆಂಟು ಕಾರಿನ ಬಾಡಿಗೇ ಬಂದ್ಬಿಟ್ಟೈತೆ... ಅಲ್ಲ ಸಾರ್, ನಿಮ್ಮನೇದು ಹಳೇ ಅರ್ಥಿಂಗ್ ಗುಂಡಿ ಇರ್ಬೇಕಲ್ಲ? ಸೋರಿದ ಕರೆಂಟು ನೆಲಕ್ಕಿಳೀಲಿ ಅಂತ ಇದ್ದಿಲು, ಉಪ್ಪು ತುಂಬಿ ತಾಮ್ರದ ಪ್ಲೇಟ್ ಹೂತಿರ್ತಾರೆ. ಬೇಸಿಗೇಲಿ ನೀರು ಹಾಕ್ತಾ ಇರ್ಬೇಕು ಅಷ್ಟೆ..."

ಎಲ್ಲರೂ ಕಾಂಪೌಂಡಿನತ್ತ ತಿರುಗಿದರು.

ಮೂಲೆಯಲ್ಲಿ ಹೊಸ ಟೈಲ್ಸ್ ಹೊಳೆಯುತ್ತಿತ್ತು.

ವೈರಿ ಯಾರೆಂದು ಹುಡುಕಿದರು... ವೈರು ಎಲ್ಲಿಗೆ ಹೋಗಿದೆಯೆಂದು ನೋಡಲಿಲ್ಲ.

ಶಶಿಭೂಷಣ ಅತ್ತಿಗೆಯ ಕಾಲು ಹಿಡಿದು ಅತ್ತರು. "ತಪ್ಪಾಯ್ತು... ಹೋಗ್ಬೇಡಿ ಅತ್ತಿಗೆ."

"ಮಗು ಹುಷಾರಾಗೋವರ್ಗೂ ಇರ್ತೀನಿ ಶಶಿ. ಆಮೇಲೆ ಹೊರಡ್ತೀನಿ."

"ಹೊಸ ಗುಂಡಿ ತೋಡಿಸ್ತೀನಿ, ಎಲ್ಲ ಸರಿ ಮಾಡಿಸ್ತೀನಿ!"

"ತಂತಿ ಮತ್ತೆ ಹಾಕಿಸ್ಬೋದಪ್ಪ. ಮಾಟಗಾತಿ ಅಂತ ಊರ್ತುಂಬ ನನ್ನ ಹೆಸರು ಹಬ್ಬಿಸಿದ್ದೀರಲ್ಲ... ಅದನ್ನ ಯಾವ ಹೊಳೇಗೆ ಬಿಡ್ತೀಯಾ?"

ಹೇಳಿದಂತೆಯೇ ಹೊರಟರು. ಹೋಗುವಾಗ ಚೆಂಬನ್ನು ಧನ್ಯಳ ಗಾಯ ಮಾಗಿದ ಕೈಗೆ ಕೊಟ್ಟರು. ಈಗ ಹೊಸ ಗುಂಡಿಗೆ ಸಂಜೆ ಸಂಜೆ ನೀರು ಹಾಕುವವಳು ಅವಳೇ...

ಗಂಗಣ್ಣ ಆ ತುಂಡು ವೈರ್ ಕೀಳಲು, ತಾನು ಹಾಕಿದ ಮನೆಗಳನ್ನು ಹುಡುಕಿಕೊಂಡು ಅಲೆಯುತ್ತಿದ್ದಾನೆ. ಎಲ್ಲ ಮನೆಗಳೂ ಅವನಿಗೆ ನೆನಪಿಲ್ಲ. ಆ ಮನೆಗಳಲ್ಲಿ ಈ ಹೊತ್ತಿಗೂ ಹಸಿರು ದೀಪ ಉರಿಯುತ್ತಿದೆ...

ನಮ್ಮನ್ನು ಕಾಯುವವರು ಸದ್ದು ಮಾಡುವುದಿಲ್ಲ. ಅಗೆದು ಎಸೆಯುವ ಮೊದಲು ಒಮ್ಮೆ ಕೇಳಿ ತಿಳಿಯಿರಿ.

ನಿಮ್ಮ ಮನೆಯ ಅರ್ಥಿಂಗ್ ಗುಂಡಿ ಎಲ್ಲಿದೆ ಗೊತ್ತಾ...? ಅದಕ್ಕೆ ನೀರು ಹಾಕುತ್ತಿದ್ದವರು ಈಗ ಎಲ್ಲಿದ್ದಾರೆ?