ಮೊದಲ ಚಿರತೆ

ನಾಲ್ಕು ವರ್ಷದ ಹಿಂದೆ, ಮುಂದಿನ ಎರಡು ಹಲ್ಲು ಬಿದ್ದ ಬಾಯಲ್ಲಿ ಮಗಳು ಹಟ ಮಾಡುತ್ತಿದ್ದಾಗ ಮ್ವಾದಿಮೆ ಮಾತು ಕೊಟ್ಟಿದ್ದ: "ನೀನು ನೋಡೋ ಮೊದಲ್ನೇ ಚಿರತೇನ ನಾನೇ ತೋರಿಸ್ತೀನಿ." ಅಂದಿನಿಂದ ಅಪ್ಪನ ಫೋನಿಗೆ ಸಫಾರಿಯ ಅತಿಥಿಗಳು ಚಿರತೆಯ ಫೋಟೊ ಕಳಿಸಿದರೆ ವಕೇಶೊ ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದಳು. ನಿಜವಾದದ್ದು ಮೊದಲು, ಫೋಟೊ ಆಮೇಲೆ.

ಹದಿನಾರು ವರ್ಷದಿಂದ ಪ್ರತಿ ಶನಿವಾರ, ಭಾನುವಾರ ಬೇರೆಯವರ ಮಕ್ಕಳನ್ನು ಸಫಾರಿ ಗಾಡಿಯಲ್ಲಿ ಕೀನ್ಯಾದ ಸಾವೋ ಕಾಡು ಸುತ್ತಿಸುವವನಿಗೆ ಒಂದು ಶನಿವಾರ ಬಿಡುವು ಸಿಕ್ಕಿತ್ತು. ಸೋಮವಾರ ವಕೇಶೊ ಮೊಂಬಾಸಾದ ಚಿಕ್ಕಮ್ಮನ ಮನೆಗೆ, ಅಲ್ಲಿನ ಶಾಲೆಗೆ ಹೊರಡುವವಳಿದ್ದಳು. ಕಾಡಿಗೆ ಹೋಗಲು ಸಿಕ್ಕಿದ್ದು ಭಾವಮೈದುನನ ತಗ್ಗು ಕಾರು. ಕಿಟಕಿಯಾಚೆ ಬರೀ ಒಣಹುಲ್ಲು. ಸಂಜೆ ನಾಲ್ಕು ಗಂಟೆಯಾದರೂ ಕಂಡದ್ದು ಕೆಂಪು ಧೂಳು ಮೆತ್ತಿದ ಆನೆಗಳು. ಅವಳು ಆಕಳಿಸಿದಳು. ಆನೆ ಮನೆ ಹಿಂದಿನ ಜೋಳಕ್ಕೇ ಬರುತ್ತಿತ್ತು.

"ಚಪಾತಿ ತಿನ್ನೋಕಾದ್ರೂ ಒಂದ್ಕಡೆ ನಿಲ್ಲಿಸು ವಕೇಶೊ ಅಪ್ಪಾ," ಎಂದಳು ಹೆಂಡತಿ ವಾವುದಾ. "ಬಾಲ ಸುಟ್ಟ ಬೆಕ್ಕಿನ ಹಾಗಾಡ್ತಿದ್ದೀಯ. ಆ ವೈರ್‌ಲೆಸ್ ಬೇರೆ ಯಾಕೆ ತಂದೆ? ಇವತ್ತು ನೀನು ಡ್ರೈವರ್ ಅಲ್ಲ."

"ಆರಕ್ಕೆ ಕಾಡಿನ ಗೇಟು ಹಾಕ್ತಾರೆ," ಎಂದನು ಮ್ವಾದಿಮೆ. ಕೈಬೆರಳು ಸ್ಟೀರಿಂಗ್ ಮೇಲೆ ಕುಟ್ಟುತ್ತಲೇ ಇತ್ತು.

ಐದಕ್ಕೆ ಹತ್ತು ನಿಮಿಷವಿದ್ದಾಗ ಬತ್ತಿದ ಹಳ್ಳದಾಚೆ, ದೊಡ್ಡ ಮರದ ಕೊಂಬೆಯಿಂದ ಇಳಿಬಿದ್ದ ಬಾಲವೊಂದು ಅವನ ಕಣ್ಣಿಗೆ ಬಿತ್ತು. ಅವನ ಕೈ ತಾನಾಗಿ ವೈರ್‌ಲೆಸ್‌ಗೆ ಹೋಯಿತು. "ಹಳ್ಳದ ತಿರುವು, ಒಂಟಿ ಮರ, ಚಿರತೆ," ಎಂದು ಬೇರೆ ಡ್ರೈವರುಗಳಿಗೆ ಹೇಳಿ ಮುಗಿಸಿದ ಮೇಲೆ ಹಿಂದಿನ ಸೀಟಿಗೆ ತಿರುಗಿದ. "ಪುಟ್ಟಿ, ಸಿಕ್ತು! ಗಟ್ಟಿಯಾಗಿ ಹಿಡ್ಕೊ!"

"ಎಲ್ಲಿ? ಎಲ್ಲಿ ಅಪ್ಪ?"

"ಇಲ್ಲಿಂದ ನಿನಗೆ ಕಾಣಲ್ಲ. ಸುತ್ತು ಹಾಕ್ಕೊಂಡು ಹೋಗ್ಬೇಕು."

ಸುತ್ತು ಹಾಕಿ ಮರದ ಹತ್ತಿರ ಬರುವಷ್ಟರಲ್ಲಿ ಜೊತೆಯ ಡ್ರೈವರ್ ಮುಸೆಂಬಿಯ ವ್ಯಾನು ಬಂದು ನಿಂತಾಗಿತ್ತು. ಅದರ ಪಕ್ಕದಲ್ಲಿ ಒಂದೇ ಒಂದು ಕಾರಿಗಾಗುವಷ್ಟು ಜಾಗ. ಮ್ವಾದಿಮೆ ಕಾರನ್ನು ಆ ಜಾಗಕ್ಕೆ ನುಗ್ಗಿಸತೊಡಗಿದ. ಅಷ್ಟರಲ್ಲಿ ಹಿಂದಿನಿಂದ ಮೂರನೆಯ ಗಾಡಿ. ಅದರ ಡ್ರೈವರ್ ಕಿಟಕಿಯಿಂದ ಕೈ ಹೊರಚಾಚಿ ಕೂಗಿದ: "ಅಣ್ಣಾ, ಅತಿಥಿಗಳಿದ್ದಾರಾ?"

"ಇಲ್ಲ," ಎಂದನು ಮ್ವಾದಿಮೆ.

ಇಲ್ಲ ಎನ್ನುತ್ತಲೇ ಗೇರು ಹಿಂದಕ್ಕೆ ಬಿತ್ತು. ಅತಿಥಿಗಳಿರುವ ಗಾಡಿ ಮುಂದೆ, ಇಲ್ಲದ್ದು ಹಿಂದೆ. ಹೊಸ ಡ್ರೈವರುಗಳಿಗೆಲ್ಲ ಇದನ್ನು ಕಲಿಸಿದವನು ಅವನೇ.

"ಏನ್ ಮಾಡ್ತಿದ್ದೀಯ!" ವಾವುದಾ ಅವನ ತೋಳು ಹಿಡಿದಳು. ಕಾರು ಆಗಲೇ ಹಿಂದೆ ಸರಿದಿತ್ತು. ಖಾಲಿಯಾದ ಜಾಗದಲ್ಲಿ ಮೂರನೆಯ ಗಾಡಿ ನಿಂತಿತು. ಅದರ ತೆರೆದ ಛಾವಣಿಯ ಮೇಲೆ ಟೋಪಿಗಳು, ಕ್ಯಾಮೆರಾಗಳು. ವಕೇಶೊಳ ಕಿಟಕಿಗೆ ಕಂಡದ್ದು ಆ ಗಾಡಿಯ ಹೆಚ್ಚುವರಿ ಚಕ್ರ.

"ಅಪ್ಪ, ಮೊದ್ಲು ನೋಡಿದ್ದು ನೀನು ತಾನೆ?"

"ಹೂಂ."

"ಮತ್ತೆ ನಾವ್ಯಾಕೆ ಹಿಂದೆ?"

"ಎರಡೇ ನಿಮಿಷ ಪುಟ್ಟಿ. ಅವರು ಹೋಗ್ಲಿ."

ಅವರು ಹೋಗಲಿಲ್ಲ. ಇನ್ನೂ ಮೂರು ಗಾಡಿ ಬಂದವು. ಕೊನೆಗೆ ಗಾಡಿಗಳ ಮೇಲಿಂದ "ಓ!" ಎಂಬ ಉದ್ಗಾರ ಎದ್ದಿತು, ತಲೆಗಳೆಲ್ಲ ಒಟ್ಟಿಗೆ ಎಡಕ್ಕೆ ತಿರುಗಿದವು, ಒಬ್ಬಾಕೆ ಚಪ್ಪಾಳೆ ತಟ್ಟಿದಳು. ಚಿರತೆ ಇಳಿದು ಹುಲ್ಲಿನೊಳಗೆ ಹೋಗಿತ್ತು. ಐದೂವರೆಯಾಗಿತ್ತು.

ಗೇಟಿಗೆ ಓಡುವ ದಾರಿಯಲ್ಲೂ ಚಪಾತಿಯ ಡಬ್ಬಿ ಮುಚ್ಚಿದ ಹಾಗೇ ಇತ್ತು. ಮ್ವಾದಿಮೆಯ ಫೋನು ಸದ್ದು ಮಾಡಿತು. ಮುಸೆಂಬಿ ಒಂದು ಫೋಟೊ ಕಳಿಸಿದ್ದ: "ಮಗೂಗೆ ತೋರಿಸು ಅಣ್ಣ. ನಿನ್ನ ಕಣ್ಣು ಬಲು ಚುರುಕು."

ಅವನು ಫೋನನ್ನು ಹಿಂದಕ್ಕೆ ಚಾಚಿದ. ಕನ್ನಡಿಯಲ್ಲಿ ನೋಡಿದರೆ ಮಗಳು ಎರಡೂ ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡಿದ್ದಳು.

ಸೋಮವಾರ ಬೆಳಿಗ್ಗೆ ವಕೇಶೊ ಮೊಂಬಾಸಾ ಬಸ್ಸು ಹತ್ತಿದಳು. ಚಿರತೆ ನೋಡಿರಲಿಲ್ಲ.